ಧಾತು-ಈಶ್ವರ ಬರದಲ್ಲಿ ಐವರು ಹೆಂಗಸರು, ಒಂದೇ ಒಲೆ: ಕಾದಂಬರಿಯಲ್ಲಿ ಇದು ನಡೆಯುತ್ತಾ?

ಓದುಗರ ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಧಾತು-ಈಶ್ವರ ಸಂವತ್ಸರಗಳ, ಅಂದರೆ 1876-77ರ ಬರಗಾಲದ ಮೇಲೆ ಕಾದಂಬರಿ ಬರೆಯುತ್ತಿದ್ದೇನೆ. ಕಥೆ ಶಿರಾ ಹತ್ತಿರದ ಒಂದು ಹಳ್ಳಿಯದು. ಗಂಡಸರು ಗುಳೆ ಹೋದ ಮೇಲೆ ಐವರು ಹೆಂಗಸರು ಒಂದೇ ಮನೆಯಲ್ಲಿ ಸೇರುತ್ತಾರೆ: ಒಕ್ಕಲಿಗರ ವಿಧವೆ, ಅವಳ ಬಸುರಿ ಸೊಸೆ, ಒಬ್ಬ ನೇಕಾರರ ಹೆಂಗಸು, ಒಬ್ಬ ಮುಸ್ಲಿಂ ಬಳೆಗಾರ್ತಿ, ದಲಿತ ಕೇರಿಯ ಒಬ್ಬ ಕೂಲಿ ಹೆಂಗಸು. ಒಂದೇ ಒಲೆಯಲ್ಲಿ ಬೇಯಿಸಿಕೊಳ್ಳುತ್ತಾರೆ, ನೂಲು ತೆಗೆದು ಮಾರುತ್ತಾರೆ, ವಾರಕ್ಕೊಮ್ಮೆ ಕಾಸು ಕೂಡಿಸಿ ಪೆಟ್ಟಿಗೆಯಲ್ಲಿ ಇಡುತ್ತಾರೆ. ಕೊನೆಗೆ ಮಳೆ ಬರುತ್ತದೆ, ಸೊಸೆಗೆ ಮಗು ಹುಟ್ಟುತ್ತದೆ. ಓದಿದ ಗೆಳತಿಯೊಬ್ಬರು "ಇದೆಲ್ಲ ಇವತ್ತಿನ ಆಸೆ, ಆಗಿನ ಕಾಲದಲ್ಲಿ ಹೆಂಗಸರು ಮನೆಯಿಂದ ಆಚೆಗೇ ಬರ್ತಿರಲಿಲ್ಲ" ಅಂದರು. ನಾನು ಇತಿಹಾಸಕ್ಕೆ ಅಪಚಾರ ಮಾಡುತ್ತಿದ್ದೇನಾ?

ಉತ್ತರ: ನಿಮ್ಮ ಆತಂಕ ಎರಡು ಥರದ್ದು. ಒಂದು, ಈ ಐವರು ಸೇರುವುದು ಸಾಧ್ಯವಿತ್ತಾ ಅನ್ನೋದು. ಇನ್ನೊಂದು, ಸೇರಿದ್ದರೂ ನೀವು ಬರೆದ ಹಾಗೆ ಬದುಕುತ್ತಿದ್ದರಾ ಅನ್ನೋದು. ಮೊದಲನೆಯದಕ್ಕೆ ನನ್ನ ಉತ್ತರ ಹೌದು. ಎರಡನೆಯದಕ್ಕೆ, ಈಗಿರುವ ಕರಡಿನಲ್ಲಿ, ಇಲ್ಲ. ನಿಮ್ಮ ಗೆಳತಿ ಹೇಳಿದ ಕಾರಣವಂತೂ ತಪ್ಪು.

ಅದನ್ನೇ ಮೊದಲು ಮುಗಿಸೋಣ. ಹೆಂಗಸರು ಮನೆಯಿಂದ ಆಚೆ ಬರುತ್ತಿರಲಿಲ್ಲ ಅನ್ನುವುದು ನಾಲ್ಕು ಅನುಕೂಲಸ್ಥ ಮನೆಗಳನ್ನು ನೋಡಿ ಇಡೀ ಊರಿಗೆ ಹೇಳುವ ಮಾತು. ನಾಟಿ, ಕಳೆ, ಕೊಯ್ಲು, ಸಂತೆ, ಸೌದೆ, ನೀರು ಯಾವುದೂ ಹೆಂಗಸರಿಲ್ಲದೆ ನಡೆಯುತ್ತಿರಲಿಲ್ಲ. ಬರಗಾಲದ ಕಾಮಗಾರಿಗಳಲ್ಲಿ ಕಲ್ಲು ಒಡೆದವರು, ಕೆರೆ ಮಣ್ಣು ಹೊತ್ತವರು, ರಸ್ತೆಗೆ ಜಲ್ಲಿ ಹಾಕಿದವರಲ್ಲಿ ಹೆಂಗಸರು, ಮಕ್ಕಳದ್ದು ದೊಡ್ಡ ಪಾಲು. ಬರಗಾಲದಲ್ಲಿ ಮೊದಲು ಸಾಯುವವರು ಹೆಂಗಸರು ಅನ್ನೋ ನಂಬಿಕೆಯೂ ಇದೆ. ಹತ್ತೊಂಬತ್ತನೇ ಶತಮಾನದ ಭಾರತದ ಬರಗಳ ಲೆಕ್ಕ ಇದಕ್ಕೆ ಉಲ್ಟಾ. ಹೆಂಗಸರಿಗಿಂತ ಗಂಡಸರೇ ಜಾಸ್ತಿ ಸತ್ತರು. ಕಾರಣ ಒಂದೇ ಅಲ್ಲ. ಹೆಣ್ಣಿನ ಮೈ ಹಸಿವನ್ನು ಸ್ವಲ್ಪ ಹೆಚ್ಚು ದಿನ ತಡೆಯುತ್ತದೆ. ಬೇಲಿ ಸಾಲಿನಲ್ಲಿ ತಿನ್ನಬಹುದಾದ ಸೊಪ್ಪು ಯಾವುದು, ಗಡ್ಡೆ ಯಾವುದು ಅನ್ನೋದು ಅವಳಿಗೆ ಗೊತ್ತು. ಗುಳೆ ಹೋದ ಗಂಡಸರು ದಾರಿಯಲ್ಲಿ, ಶಿಬಿರಗಳಲ್ಲಿ ಕಾಲರಾಕ್ಕೆ ಸಿಕ್ಕರು. ಹಾಗಾಗಿ ಗಂಡಸರಿಲ್ಲದ ಮನೆಯಲ್ಲಿ ನಾಲ್ಕೈದು ಹೆಂಗಸರು ಉಳಿದಿದ್ದರು ಅನ್ನುವ ನಿಮ್ಮ ಮೂಲ ಕಲ್ಪನೆ ಗಟ್ಟಿಯಾಗಿದೆ.

ಈಗ ಬರ ಅಂದರೆ ಏನಾಗಿತ್ತು ಅಂತ ಸ್ವಲ್ಪ ಹೇಳುತ್ತೇನೆ. ನಿಮ್ಮ ಕರಡಿನಲ್ಲಿ ಮಳೆ ಹೋಯಿತು, ಕಾಳು ಇಲ್ಲವಾಯಿತು ಅಂತ ಎರಡೇ ಸಾಲಿದೆ. 1875ರಲ್ಲೇ ಮಳೆ ಸರಿಯಾಗಿರಲಿಲ್ಲ. 1876ರಲ್ಲಿ, ಅಂದರೆ ಧಾತು ಸಂವತ್ಸರದಲ್ಲಿ, ಮುಂಗಾರೂ ಹಿಂಗಾರೂ ಎರಡೂ ಕೈಕೊಟ್ಟವು. ಆದರೂ ಕಾಳು ದೇಶದಲ್ಲಿ ಇಲ್ಲವೇ ಇಲ್ಲ ಅಂತಾಗಿರಲಿಲ್ಲ. ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು, ಕಾಳಿನ ಮೂಟೆಗಳು ಅಲ್ಲಿಗೆ ಬಂದು ಬೀಳುತ್ತಿದ್ದವು. ಅಲ್ಲಿಂದ ಶಿರಾಕ್ಕೆ ತರಲು ಎತ್ತು ಬೇಕು. ಮೇವು ನೀರಿಲ್ಲದೆ ಎತ್ತುಗಳು ಸಾಯುತ್ತಿದ್ದವು. ತಂದರೂ ಬೆಲೆ ಮೂರು ಪಟ್ಟಿಗೂ ಮೀರಿತ್ತು. ಸರ್ಕಾರ ವ್ಯಾಪಾರಕ್ಕೆ ಕೈ ಹಾಕಬಾರದು ಅನ್ನೋದು ವೈಸರಾಯ್ ಲಿಟ್ಟನ್ ನೀತಿ, ಹೊರದೇಶಕ್ಕೆ ಧಾನ್ಯ ಹೋಗುವುದೂ ನಿಲ್ಲಲಿಲ್ಲ. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿ ಅಂತ ಸಾರುವ ದರ್ಬಾರು ಭರ್ಜರಿಯಾಗಿ ನಡೆಯುತ್ತಿದ್ದಾಗ ನಿಮ್ಮ ಐವರು ಪಾಪಾಸುಕಳ್ಳಿ ಹಣ್ಣಿನ ಮುಳ್ಳು ಉಜ್ಜುತ್ತಿದ್ದರು.

ಅಂದರೆ ನಿಮ್ಮ ಹೆಂಗಸರ ಕಷ್ಟ ಕಾಳಿಲ್ಲ ಅನ್ನೋದಕ್ಕಿಂತ ಹೆಚ್ಚಾಗಿ ಕಾಳು ಕೊಳ್ಳಲು ಕೈಯಲ್ಲಿ ಏನೂ ಇಲ್ಲ ಅನ್ನೋದು. ಕಾದಂಬರಿಗೆ ಇದು ಬಹಳ ಮುಖ್ಯ. ಒಬ್ಬೊಬ್ಬಳ ಕೈಯಲ್ಲಿ ಏನಿದೆ, ಅದಕ್ಕೆ ಇವತ್ತು ಎಷ್ಟು ಸೇರು ರಾಗಿ ಬರುತ್ತೆ, ನಾಳೆ ಎಷ್ಟು ಬರುತ್ತೆ? ಐವರನ್ನು ಸೇರಿಸುವ ಗೋಂದು ಇದೇ. ಕರಡಿನಲ್ಲಿ ಅವರು ಮೊದಲ ಅಧ್ಯಾಯದಲ್ಲೇ ಅಕ್ಕತಂಗಿಯರ ಹಾಗೆ ಅಪ್ಪಿಕೊಳ್ಳುತ್ತಾರೆ. ಬರಗಾಲದ ಕಾದಂಬರಿಗಳ ಕರಡು ಓದಿದಾಗಲೆಲ್ಲ ನಾನು ಕಾಣುವ ತೊಂದರೆ ಇದು: ಪ್ರೀತಿ ಮೊದಲು ಬರುತ್ತದೆ, ಲೆಕ್ಕ ಆಮೇಲೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಲೆಕ್ಕದಿಂದ ಶುರು ಮಾಡಿ. ಒಬ್ಬಳಲ್ಲಿ ಇಲ್ಲದ್ದು ಇನ್ನೊಬ್ಬಳಲ್ಲಿ ಇರಲಿ. ಪ್ರೀತಿ ಬರುವುದಾದರೆ ಅದರ ಹಿಂದೆ ತಾನಾಗಿ ಬರುತ್ತದೆ, ಜಗಳವೂ ಬರುತ್ತದೆ.

ಉದಾಹರಣೆಗೆ ನಿಮ್ಮ ಒಕ್ಕಲಿಗರ ವಿಧವೆ. ಅವಳ ಬಲ ಏನು? ಬಯಲುಸೀಮೆಯಲ್ಲಿ ರಾಗಿ ಇಡುವ ಹಗೇವು ಇತ್ತಲ್ಲ, ನೆಲದೊಳಗಿನ ಕಣಜ. ಚೆನ್ನಾಗಿ ಮುಚ್ಚಿದ ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಹಳೇ ಹಗೇವಿನಲ್ಲಿ ಒಂದು ಖಂಡುಗ ಉಳಿದಿದ್ದರೂ ಅವಳೇ ರಾಣಿ. ಆದರೆ ಅದನ್ನು ತೆಗೆಯೋದು ಸುಲಭವಲ್ಲ. ಬಾಯಿ ತೆರೆದ ಕೂಡಲೇ ಇಳಿಯುವ ಹಾಗಿಲ್ಲ, ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ. ಒಂದು ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಇಳಿಯಬೇಕು. ಗಂಡಸರಿಲ್ಲ. ಊರಿಗೆ ಗೊತ್ತಾಗಬಾರದು ಅಂದರೆ ರಾತ್ರಿಯೇ ಆಗಬೇಕು. ಇಳಿಯುವವಳು ಯಾರು? ಬಸುರಿ ಸೊಸೆ ಅಲ್ಲ, ಮುದುಕಿಯೂ ಅಲ್ಲ. ಮನೆಯ ಹೊಸಿಲು ದಾಟಲು ಬಿಡದ ಆ ಕೂಲಿ ಹೆಂಗಸನ್ನೇ ಈಗ ಹಿತ್ತಲ ಬಾಗಿಲಿಂದ ಕರೆಯಬೇಕು. ಅವಳು ಇಳಿಯುವ ಮುಂಚೆ ತನ್ನ ಪಾಲು ಎಷ್ಟು ಅಂತ ಕೇಳುತ್ತಾಳೆ. ನಿಮ್ಮ ಐವರ ಒಗ್ಗಟ್ಟು ಅಲ್ಲಿಂದ ಶುರುವಾಗಲಿ ಅಂತ ನನ್ನ ಸಲಹೆ. ಗುಟ್ಟು ಗೊತ್ತಿರುವವಳನ್ನು ಬಿಟ್ಟುಕೊಡುವ ಹಾಗಿಲ್ಲ, ಅವಳಿಗೂ ಇವರನ್ನು ಬಿಟ್ಟರೆ ಕಾಳಿಲ್ಲ.

ಬಳೆಗಾರ್ತಿಯ ಬಲ ಬೇರೆ. ಊರೂರು ತಿರುಗಿದವಳು. ಯಾವ ಸಂತೆಯಲ್ಲಿ ಏನು ಬೆಲೆ, ಯಾವ ಸಾಹುಕಾರ ತೂಕದಲ್ಲಿ ಮೋಸ ಮಾಡುತ್ತಾನೆ, ಎಲ್ಲಿ ಗಂಜಿ ಕೊಡುತ್ತಿದ್ದಾರೆ ಅನ್ನೋದು ಅವಳಿಗೇ ಗೊತ್ತು. ಅಷ್ಟೇ ಅಲ್ಲ, ಎಲ್ಲ ಜಾತಿಯ ಹೆಂಗಸರ ಕೈ ಹಿಡಿದು ಬಳೆ ತೊಡಿಸಿದವಳು. ನಡುಮನೆಗೆ ಹೋಗಿ ಕೂತು ಬಂದ ಹೊರಗಿನವಳು ಅವಳೊಬ್ಬಳೇ. ಒಡವೆ ಮಾರಾಟದ ಕೆಲಸ ಅವಳಿಗೆ ಕೊಡಿ. ಬರದ ಆ ವರ್ಷಗಳಲ್ಲಿ ಮುಂಬೈ ಟಂಕಸಾಲೆಗೆ ಕರಗಿಸಲು ಬಂದ ಬೆಳ್ಳಿ ಒಡವೆ ಒಂದೇ ಸಮ ಏರಿತ್ತು. ಎಲ್ಲರೂ ಒಟ್ಟಿಗೆ ಮಾರಲು ನಿಂತಾಗ ಬೆಳ್ಳಿಗೆ ಬೆಲೆ ಎಲ್ಲಿ? ಕಡಗ, ಡಾಬು ಮೊದಲು ಹೋಗುತ್ತವೆ. ಹಿತ್ತಾಳೆ ಪಾತ್ರೆ ಆಮೇಲೆ. ತಾಳಿ ಕೊನೆಗೆ.

ನೇಕಾರರ ಹೆಂಗಸಿನ ವಿಷಯಕ್ಕೆ ಬಂದರೆ ನಿಮ್ಮ ಕಥೆ ಕುಂಟುತ್ತದೆ. ನೂಲು ತೆಗೆದು ಮಾರಿ ಬದುಕಿದರು ಅನ್ನೋದು 1876ರಲ್ಲಿ ಆಗದ ಮಾತು. ಅಷ್ಟರಲ್ಲಿ ಇಂಗ್ಲೆಂಡಿನ ಮಿಲ್ ನೂಲು ಮಗ್ಗಗಳ ಮೇಲೆ ಕೂತು ದಶಕಗಳೇ ಆಗಿದ್ದವು, ಕೈನೂಲಿನ ಕೂಲಿ ಹೆಂಗಸರ ಕೈಯಿಂದ ಜಾರಿತ್ತು. ಚರಕ ನೋಡಿದ ಕೂಡಲೇ ನಮಗೆ ಗಾಂಧೀಜಿ ನೆನಪಾಗುತ್ತಾರೆ, ಅದು ಐವತ್ತು ವರ್ಷ ಆಚೆಗಿನ ಮಾತು. ಬರ ಬಂದಾಗ ಜನ ಮೊದಲು ನಿಲ್ಲಿಸುವುದು ಬಟ್ಟೆ ಕೊಳ್ಳುವುದನ್ನು. ಹಾಗಾಗಿ ಮೊದಲ ಏಟು ಬಿದ್ದದ್ದೇ ನೇಕಾರರಿಗೆ. ಮದ್ರಾಸ್ ಪ್ರಾಂತದಲ್ಲಿ ಕೆಲವು ಕಡೆ ಸರ್ಕಾರವೇ ನೂಲು ಮುಂಗಡ ಕೊಟ್ಟು ನೇಯ್ದ ಬಟ್ಟೆ ಕೊಂಡಿತು. ಮಣ್ಣು ಹೊರುವುದು ನೇಕಾರರಿಂದ ಆಗುವುದಿಲ್ಲ ಅನ್ನೋದು ಅಧಿಕಾರಿಗಳಿಗೂ ಗೊತ್ತಿತ್ತು. ನಿಮ್ಮ ನೇಕಾರ ಹೆಂಗಸು ಐವರಲ್ಲಿ ಅತಿ ಬಡವಳಾಗಿ, ಮನೆಗೆ ಹೊರೆಯಾಗಿ ಬಂದರೆ ಜಾಸ್ತಿ ನಿಜವಾಗಿರುತ್ತದೆ.

ನೂಲಿನ ಬದಲು ಬೀಸುವ, ಕುಟ್ಟುವ ಕೂಲಿ ತನ್ನಿ. ಆಗ ಗಿರಣಿ ಇರಲಿಲ್ಲ. ಉಳ್ಳವರ ಮನೆಯ ಭತ್ತ ಕುಟ್ಟಿಕೊಟ್ಟರೆ ನುಚ್ಚು, ತೌಡು ಸಿಗುತ್ತಿತ್ತು. ಬೀಸೋಕಲ್ಲಿನ ಮುಂದೆ ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿಯುತ್ತಾರೆ. ಒಬ್ಬಳಿಗೆ ಶಕ್ತಿ ಇಲ್ಲದಿದ್ದರೆ ಇನ್ನೊಬ್ಬಳ ತೋಳಿಗೆ ಆ ಕ್ಷಣವೇ ತಿಳಿಯುತ್ತದೆ. ಯಾರು ತನ್ನ ಪಾಲು ಉಣ್ಣದೆ ಮಕ್ಕಳಿಗೆ ಕೊಡುತ್ತಿದ್ದಾಳೆ ಅಂತ ಮಾತಿಲ್ಲದೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ನಿಮಗೆ ಸಿಗಲ್ಲ.

ಈಗ ಒಲೆ. ನಿಮ್ಮ ಗೆಳತಿಯ ಅನುಮಾನದಲ್ಲಿ ಸತ್ಯ ಇರುವುದು ಇಲ್ಲೇ. ಹಸಿದಾಗ ಜಾತಿ ಕರಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ದಾಖಲೆಗಳನ್ನು ಓದಿದರೆ ಅದು ಅಷ್ಟು ಬೇಗ ಕರಗಿದ್ದು ಕಾಣುವುದಿಲ್ಲ. ಗಂಜಿ ಮನೆಗಳಲ್ಲಿ ಅಡುಗೆಗೆ ಯಾರನ್ನು ಇಡಬೇಕು ಅನ್ನೋದೇ ಅಧಿಕಾರಿಗಳಿಗೆ ತಲೆನೋವಾಗಿತ್ತು. ಬೇಯಿಸಿದ್ದನ್ನು ಮುಟ್ಟದೆ ಸತ್ತವರಿದ್ದಾರೆ. ಹೊರಗೆ ಬಾರದ ಗೋಷಾ ಹೆಂಗಸರಿಗೆ ಮದ್ರಾಸ್ ಪ್ರಾಂತದಲ್ಲಿ ಮನೆಗೇ ಹಣ ತಲುಪಿಸುವ ಏರ್ಪಾಡು ಮಾಡಿದ್ದರು. ಹತ್ತು ವರ್ಷ ಮುಂಚೆ, 1866ರ ಒರಿಸ್ಸಾ ಬರದಲ್ಲಿ ಸರ್ಕಾರಿ ಛತ್ರದಲ್ಲಿ ಉಂಡವರನ್ನು ಊರು ಮತ್ತೆ ಸೇರಿಸಿಕೊಳ್ಳಲಿಲ್ಲ. ಛತ್ರಖಾಯಿ ಅಂತ ಅವರದ್ದೇ ಒಂದು ಬೇರೆ ಜಾತಿ ಆಯಿತು.

ಹಾಗಂತ ನಿಮ್ಮ ಐವರನ್ನು ಬೇರೆ ಮಾಡಬೇಕಿಲ್ಲ. ಒಂದೇ ಕಾಳಿನ ರಾಶಿ ಇರಲಿ, ಒಲೆ ಮಾತ್ರ ಮೂರಿರಲಿ. ಆಗಿನ ಕಟ್ಟಳೆಯಲ್ಲೇ ಇದಕ್ಕೆ ದಾರಿ ಇತ್ತು. ಹಸಿ ಪಡಿ ಕೊಡಬಹುದು, ಬೇಯಿಸಿದ್ದು ಕೊಡಬಾರದು. ಹುರಿದ ಕಾಳಿಗೆ, ಹಣ್ಣಿಗೆ ಅಷ್ಟು ಮೈಲಿಗೆ ಇಲ್ಲ, ನೀರು ತಾಗಿದ ಮುದ್ದೆಗೆ ಇದೆ. ವಿಧವೆ ಅಳೆದು ಹಾಕುತ್ತಾಳೆ, ಪಾವು ಅವಳ ಕೈಯಲ್ಲಿ. ಕೂಲಿ ಹೆಂಗಸು ಹಿತ್ತಲಲ್ಲಿ ಬೇಯಿಸುತ್ತಾಳೆ. ಆಮೇಲೆ ಸೌದೆ ಮುಗಿಯುತ್ತದೆ, ಪಾತ್ರೆ ಮಾರಿ ಹೋಗುತ್ತದೆ, ಸೊಸೆಗೆ ಜ್ವರ ಬಂದು ಗಂಜಿ ಕಾಯಿಸಲು ಮೈಯಲ್ಲಿ ಕಸುವಿರುವವಳು ಒಬ್ಬಳೇ ಉಳಿಯುತ್ತಾಳೆ. ಮೂರು ಒಲೆ ಎರಡಾಗುವುದು, ಎರಡು ಒಂದಾಗುವುದು ನಿಮ್ಮ ಕಾದಂಬರಿಯ ಬೆನ್ನೆಲುಬು ಆಗಬಹುದು. ಶುರುವಿನಲ್ಲೇ ಒಂದು ಒಲೆ ಕೊಟ್ಟುಬಿಟ್ಟರೆ ಮುನ್ನೂರು ಪುಟದಲ್ಲಿ ನಡೆಯಬೇಕಾದದ್ದು ಮೂರನೇ ಪುಟದಲ್ಲಿ ಮುಗಿದುಹೋಗುತ್ತದೆ. ಬರ ಮುಗಿದ ಮೇಲೆ ಗುಳೆಯಿಂದ ವಾಪಸ್ ಬಂದ ಮಗ "ಯಾರ ಕೈಯಲ್ಲಿ ಉಂಡಿರಿ?" ಅಂತ ಕೇಳಲೇಬೇಕು. ಕೇಳದಿದ್ದರೆ ಅದು ನಿಜವಾಗಿ ಸುಳ್ಳು.

ನೀರಿನ ಕಥೆಯೂ ಹೀಗೇ. ಊರ ಬಾವಿ ಯಾರದ್ದು ಅಂತ ಎಲ್ಲರಿಗೂ ಗೊತ್ತು. ಬಾವಿ ಬತ್ತಿದ ಮೇಲೆ ಹಳ್ಳದ ಮರಳಲ್ಲಿ ಒರತೆ ತೋಡುತ್ತಾರಲ್ಲ, ಅಲ್ಲಿ ಹಳೇ ಗಡಿಗಳು ಕೊಂಚ ಮಸುಕಾಗುತ್ತವೆ. ತೋಡುವವರಿಗೇ ನೀರು. ಇದನ್ನು ಬಳಸಿಕೊಳ್ಳಿ.

ವಾರಕ್ಕೊಮ್ಮೆ ಕಾಸು ಕೂಡಿಸುವ ಪೆಟ್ಟಿಗೆಯನ್ನು ತೆಗೆದುಬಿಡಿ. ಅದು ನಮ್ಮ ಕಾಲದ ಸ್ವಸಹಾಯ ಸಂಘ. ಕರ್ನಾಟಕದಲ್ಲಿ ಅಂಥ ಸಂಘಗಳು ಹುಟ್ಟಿದ್ದು 1980ರ ದಶಕದಲ್ಲಿ. ಸಹಕಾರ ಸಂಘ ಅನ್ನೋದೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಶುರುವಾದದ್ದು 1905ರಲ್ಲಿ. ಅಲ್ಲದೆ 1877ರಲ್ಲಿ ಕೂಡಿಸಲು ಕಾಸೆಲ್ಲಿತ್ತು? ಆದರೆ ಹಳ್ಳಿಯಲ್ಲಿ ಆಗಲೇ ಬೇರೊಂದು ಪದ್ಧತಿ ಇತ್ತು, ಮುಯ್ಯಾಳು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಬರೆದಿಡುವುದಿಲ್ಲ, ಮರೆಯುವುದೂ ಇಲ್ಲ. ಒಬ್ಬಳು ಮಕ್ಕಳನ್ನು ನೋಡಿಕೊಂಡರೆ ಇನ್ನಿಬ್ಬರು ಸೊಪ್ಪಿಗೆ ಹೋಗಬಹುದು. ಆ ದಿನದ ಮುಯ್ಯಿ ಯಾರು ತೀರಿಸಲಿಲ್ಲ ಅನ್ನೋ ಜಗಳ ಪೆಟ್ಟಿಗೆಯ ಕಾಸಿಗಿಂತ ಚೆನ್ನಾಗಿ ಉರಿಯುತ್ತದೆ.

ಇಷ್ಟೆಲ್ಲ ಮಾಡಿಯೂ ಹಗೇವು ಖಾಲಿಯಾಗುತ್ತದೆ. ಆಗ ನಿಮ್ಮ ಹೆಂಗಸರ ಮುಂದೆ ಮೂರು ದಾರಿ, ಯಾವುದೂ ಸುರಕ್ಷಿತವಲ್ಲ. ನೀವು ಯಾವುದನ್ನು ಆರಿಸುತ್ತೀರೋ ಅದರ ಮೇಲೆ ಕಾದಂಬರಿಯ ಎರಡನೇ ಭಾಗ ನಿಲ್ಲುತ್ತದೆ.

ಮೊದಲ ದಾರಿ ಗಂಜಿ ಮನೆ. ಶಿರಾ ಆಗ ಮೈಸೂರು ಸಂಸ್ಥಾನದಲ್ಲಿತ್ತು, ಸಂಸ್ಥಾನ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. 1877ರ ಸೆಪ್ಟೆಂಬರಿನವರೆಗೂ ಮೈಸೂರು ಕಡೆ ಕಾಮಗಾರಿಗಿಂತ ಗಂಜಿ ಮನೆಗಳ ಮೇಲೆ ಹೆಚ್ಚು ಭಾರ ಬಿದ್ದಿತ್ತು. ಲಿಟ್ಟನ್ ಬಂದು ಹೋದ ಮೇಲೆ ಚಾರ್ಲ್ಸ್ ಎಲಿಯಟ್ ಎಂಬ ಅಧಿಕಾರಿಯನ್ನು ಇದಕ್ಕೇ ನೇಮಿಸಿ ಜನರನ್ನು ಕೆಲಸದ ಕಡೆ ತಿರುಗಿಸಿದರು. ಗಂಜಿ ಮನೆಗೆ ಹೋದರೆ ಜೀವ ಉಳಿಯಬಹುದು. ಆದರೆ ಅಲ್ಲಿ ಜನಜಂಗುಳಿ, ಕಾಲರಾ, ಆಮೇಲೆ ಊರಿನ ಮಾತು.

ಎರಡನೇ ದಾರಿ ಗಡಿ ದಾಟುವುದು. ಶಿರಾದಿಂದ ಮಡಕಶಿರಾ ದೂರವೇನಲ್ಲ. ಅದು ಆಗ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಅಲ್ಲಿ ಕಾಮಗಾರಿ ಇತ್ತು. ಆದರೆ 1877ರ ಜನವರಿಯಲ್ಲಿ ಲಿಟ್ಟನ್ ಸರ್ಕಾರ ಕಳಿಸಿದ ಅಧಿಕಾರಿ ರಿಚರ್ಡ್ ಟೆಂಪಲ್ ಬಂದು ಕೂಲಿ ಇಳಿಸಿದ. ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ, ಮೇಲೆ ಒಂದಾಣೆ. ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಇಷ್ಟು ತಿಂದು ಕಲ್ಲು ಒಡೆದರೆ ಮನುಷ್ಯ ಉಳಿಯಲ್ಲ ಅಂತ ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಜಗಳಕ್ಕೇ ಬಿದ್ದರು. ಕೆಲವು ತಿಂಗಳ ಮೇಲೆ ಕೂಲಿ ಸ್ವಲ್ಪ ಏರಿತು. ಮುಂಬೈ ಪ್ರಾಂತದಲ್ಲಂತೂ ಇದೇ ಕೂಲಿಗೆ ಜನ ಕೆಲಸ ಬಿಟ್ಟು ನಡೆದರು, ಪುಣೆಯ ಸಾರ್ವಜನಿಕ ಸಭಾ ಎಂಬ ಸಂಸ್ಥೆ ಅವರ ಪರ ನಿಂತಿತು. ಮನೆ ಹತ್ತಿರ ಕೆಲಸ ಕೊಟ್ಟರೆ ಅಗತ್ಯವಿಲ್ಲದವರೂ ಬರುತ್ತಾರೆ ಅನ್ನೋ ಅನುಮಾನದಿಂದ ದೂರದ ಶಿಬಿರಗಳಿಗೇ ಕಳಿಸುತ್ತಿದ್ದರು. ಅಂದರೆ ಮುದುಕಿ ವಿಧವೆಯನ್ನು, ಅವಳ ಸೊಸೆಯನ್ನು ಉಳಿದವರು ಬಿಟ್ಟು ಹೋಗಬೇಕು. ಐವರು ಇಲ್ಲಿ ಒಡೆಯುತ್ತಾರೆ. ಇನ್ನೊಂದು ಅಪಾಯ ಮೇಸ್ತ್ರಿಯದ್ದು. ಹಾಜರಿ ಅವನ ಕೈಯಲ್ಲಿ. ಅವನು ಏನು ಕೇಳುತ್ತಾನೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ದಾಖಲೆಗಳು ಈ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಕಾದಂಬರಿಕಾರರಿಗೆ ಅಲ್ಲಿ ಜಾಗ ಇದೆ. ಆದರೆ ಓದುಗರನ್ನು ಅಳಿಸಲು ಸುಮ್ನೆ ಬಳಸಬೇಡಿ.

ಮೂರನೆಯದು ಮಲೆನಾಡಿನ ಕಡೆ ಗುಳೆ. ಅಲ್ಲಿ ಮಳೆ, ಕಾಡು, ಕಾಫಿ ತೋಟದ ಕೂಲಿ. ಜೊತೆಗೆ ಬಯಲುಸೀಮೆಯ ಮೈಗೆ ಒಗ್ಗದ ಮಲೇರಿಯಾ. ಈ ದಾರಿ ಹಿಡಿದರೆ ಕಾದಂಬರಿ ಬೇರೆಯೇ ಆಗುತ್ತದೆ. ನನಗೆ ಕೇಳಿದರೆ ಎರಡನೆಯದು, ಗಡಿಯ ದಾರಿ. ಎರಡು ಆಡಳಿತ, ಎರಡು ಲೆಕ್ಕ, ನಡುವೆ ನಡೆಯುವ ಹೆಂಗಸರು. ಶಿರಾವನ್ನು ಆರಿಸಿಕೊಂಡು ನೀವು ಅರಿಯದೆಯೇ ಒಳ್ಳೆಯ ಜಾಗ ಹಿಡಿದಿದ್ದೀರಿ.

ಕೊನೆಯ ಭಾಗ ಮಾತ್ರ ಮತ್ತೆ ಬರೆಯಲೇಬೇಕು. ಮಳೆ ಬಂದದ್ದು 1877ರ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ, ಈಶ್ವರ ಸಂವತ್ಸರದಲ್ಲಿ. ರಾಗಿ ಬಿತ್ತನೆಗೆ ತಡ, ಹುರುಳಿ ಹಾಕಬಹುದಿತ್ತು. ಬಿತ್ತಲು ಬೀಜ ಬೇಕು, ಉಳಲು ಎತ್ತು ಬೇಕು. ಮಳೆಯ ಬೆನ್ನಿಗೇ ಜ್ವರ ಬಂತು. ಹಸಿದು ಸೊರಗಿದ್ದವರು ಬರ ಮುಗಿಯಿತು ಅಂದುಕೊಂಡ ತಿಂಗಳುಗಳಲ್ಲೇ ದಂಡಿಯಾಗಿ ಸತ್ತರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 50 ಲಕ್ಷ ಜನರಿದ್ದರು. 1881ರಲ್ಲಿ ಸುಮಾರು 42 ಲಕ್ಷ. ಹಾಗಾಗಿ ಮಳೆಯಲ್ಲಿ ನೆನೆಯುತ್ತಾ ಕುಣಿಯುವ ಆ ಕೊನೆಯ ದೃಶ್ಯವನ್ನು ದಯವಿಟ್ಟು ಕೈಬಿಡಿ.

ಮಗುವಿನ ವಿಷಯ ಇನ್ನೂ ಸೂಕ್ಷ್ಮ. ಹೊಟ್ಟೆಗಿಲ್ಲದ ಮೈಯಲ್ಲಿ ಬಸಿರು ನಿಲ್ಲುವುದಿಲ್ಲ, ಮುಟ್ಟೇ ನಿಂತುಹೋಗುತ್ತದೆ. ಗಂಡಂದಿರೂ ಊರಲ್ಲಿಲ್ಲ. 1878ರಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ ಕುಸಿದದ್ದು ಇದಕ್ಕೇ. ನಿಮ್ಮ ಕರಡಿನಲ್ಲಿ ಗಂಡ 1876ರ ದೀಪಾವಳಿಗೆ ಮುಂಚೆ ಊರು ಬಿಡುತ್ತಾನೆ, ಮಗು ಮರುವರ್ಷದ ಮಳೆಯಲ್ಲಿ ಹುಟ್ಟುತ್ತದೆ. ತಿಂಗಳು ಎಣಿಸಿ ನೋಡಿ, ಅತ್ತೆಯೂ ಎಣಿಸಿರುತ್ತಾಳೆ! ಒಂದೋ ಹೆರಿಗೆಯನ್ನು 1877ರ ಬೇಸಿಗೆಗೆ ತನ್ನಿ. ಆಗ ಎದೆಹಾಲು ಬತ್ತಿದ ಕೂಸನ್ನು ಐವರು ಹೇಗೆ ಉಳಿಸಿಕೊಳ್ಳುತ್ತಾರೆ, ಅಥವಾ ಉಳಿಸಿಕೊಳ್ಳಲಾಗುವುದಿಲ್ಲ ಅನ್ನೋದು ಕಥೆಯ ನಡುವಿನ ಭಾಗವಾಗುತ್ತದೆ. ಇಲ್ಲ, ತಡವಾಗಿಯೇ ಹುಟ್ಟಲಿ ಅಂದರೆ ಮೇಸ್ತ್ರಿಯ ಹಾಜರಿಪುಸ್ತಕಕ್ಕೂ ಆ ಮಗುವಿಗೂ ಏನು ಸಂಬಂಧ ಅಂತ ನಾಲ್ವರಿಗೂ ಗೊತ್ತಿದ್ದು, ಯಾರೂ ಬಾಯಿ ಬಿಡದೆ ಇರಬೇಕಾಗುತ್ತದೆ. ಎರಡೂ ಬರೆಯಲು ಕಷ್ಟ. ಎರಡನೆಯದನ್ನು ಬರೆಯುವ ಧೈರ್ಯ ಇದ್ದರೆ ಗುಳೆಯಿಂದ ಬಂದ ಗಂಡ ಎದುರಿಗೆ ಕೂತಾಗ ಅತ್ತೆ ಯಾರ ಪರ ನಿಲ್ಲುತ್ತಾಳೆ ಅನ್ನೋದನ್ನು ಮೊದಲು ತೀರ್ಮಾನಿಸಿಕೊಂಡು ಆಮೇಲೆ ಹಿಂದಿನಿಂದ ಬರೆಯಿರಿ.

ಚಿಲ್ಲರೆ ವಿಷಯ ಕೆಲವು ಇವೆ. ಮೂರನೇ ಅಧ್ಯಾಯದಲ್ಲಿ ಸೀಮೆಎಣ್ಣೆ ಬುಡ್ಡಿ ಇದೆ, ಹರಳೆಣ್ಣೆ ಅಥವಾ ಹೊಂಗೆ ಎಣ್ಣೆ ಹಣತೆ ಮಾಡಿ. ಬೆಂಕಿಪೆಟ್ಟಿಗೆ ಬೇಡ, ಪಕ್ಕದ ಮನೆಯಿಂದ ಕೆಂಡ ತರಲಿ. ಕೆಂಡ ಕೊಡದಿರುವುದೂ ಒಂದು ಜಗಳಕ್ಕೆ ಆಗುತ್ತದೆ. ಬಳೆಗಾರ್ತಿ ಬಂದವರಿಗೆ ಕಾಫಿ ಕೊಡುವ ದೃಶ್ಯ ತೆಗೆಯಿರಿ. ಮೈಸೂರಿಗೆ ರೈಲಿನಲ್ಲಿ ಹೋಗುವ ಹಾಗೂ ಇಲ್ಲ. ಬೆಂಗಳೂರು-ಮೈಸೂರು ಹಳಿ ಬರಪರಿಹಾರದ ಕೆಲಸವಾಗಿ ಶುರುವಾಗಿ ಮೈಸೂರು ಮುಟ್ಟಿದ್ದು 1882ರಲ್ಲಿ. ಬೇಕಿದ್ದರೆ ಉಳಿದವರಲ್ಲಿ ಒಬ್ಬಳನ್ನು ಆ ಹಳಿಯ ಮಣ್ಣು ಹೊರಲು ಕಳಿಸಬಹುದು.